ಬಾನೆಟ್ ಪಿನ್: ನಿಮ್ಮ ಕಾರಿಗೆ ಯಾವುದು, ತೂತು ಎಲ್ಲಿ?

ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಕಳಚಿಕೊಳ್ಳದಂತೆ ಹಿಡಿಯುವುದು ತುದಿಯಲ್ಲಿರುವ ಕಡಾಣಿ. ಬಾನೆಟ್ ಪಿನ್ ಮಾಡುವ ಕೆಲಸವೂ ಅದೇ. ರೇಡಿಯೇಟರಿನ ಮೇಲಿನ ಪಟ್ಟಿಯ ಮೇಲೆ ಒಂದು ಗೂಟ ನಿಲ್ಲುತ್ತದೆ. ಬಾನೆಟ್ ಮುಚ್ಚಿದಾಗ ಅದರ ತಲೆ ತೂತಿನಿಂದ ಹೊರಗೆ ಬರುತ್ತದೆ. ತಲೆಯಲ್ಲಿರುವ ಅಡ್ಡ ತೂತಿಗೆ ಕ್ಲಿಪ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ಇಷ್ಟು ಸರಳವಾದ ಸಾಮಾನಿಗೆ ಅಂಗಡಿಯಲ್ಲಿ ಐದಾರು ಬಗೆ ಇವೆ, ಬಣ್ಣವಂತೂ ಕೇಳಲೇಬೇಡಿ. ಹೆಚ್ಚಿನವರು ಆರಿಸುವುದು ಮೇಲೆ ಕಾಣುವ ಭಾಗವನ್ನು ನೋಡಿ. ಆದರೆ ಪಿನ್ ಕೈಕೊಡುವುದು ಮೇಲಲ್ಲ, ಕೆಳಗೆ, ಗೂಟ ನಿಂತ ತಗಡಿನಲ್ಲಿ. 12 ಮಿ.ಮೀ. ಉಕ್ಕಿನ ಬೋಲ್ಟು ಟನ್ ಲೆಕ್ಕದ ಎಳೆತ ತಾಳುತ್ತದೆ. ಅದನ್ನು 1 ಮಿ.ಮೀ. ತಗಡಿಗೆ ಸಣ್ಣ ವಾಷರ್ ಹಾಕಿ ಬಿಗಿದರೆ ತಗಡು ಅಪ್ಪಳದ ಹಾಗೆ ಮೇಲೇಳುತ್ತದೆ.

ಮೊದಲ ಪ್ರಶ್ನೆ: ಬೇಕೇ?

ಕಂಪನಿಯ ಉಕ್ಕಿನ ಬಾನೆಟ್, ಕಂಪನಿಯ ಲ್ಯಾಚ್, ಎರಡೂ ಸರಿಯಾಗಿದ್ದು ಕಾರು ಓಡುವುದು ರಸ್ತೆಯಲ್ಲಿ ಮಾತ್ರ ಎಂದರೆ ಬೇಡ. ಆ ಲ್ಯಾಚಿನಲ್ಲಿ ಎರಡು ಹಂತಗಳಿವೆ: ಒಂದು ಮುಖ್ಯ ಹಿಡಿತ, ಇನ್ನೊಂದು ಅದು ಬಿಟ್ಟರೆ ಹಿಡಿಯುವ ಕೊಕ್ಕೆ. ಒಳಗಿನಿಂದ ಲಿವರ್ ಎಳೆದ ಮೇಲೂ ಹೊರಗಿನಿಂದ ಬೆರಳು ತೂರಿಸಿ ಸರಿಸುತ್ತೇವಲ್ಲ, ಅದೇ ಕೊಕ್ಕೆ. ಕ್ಲಿಪ್ ಪಿನ್ನಿಗೆ ಈ ಎರಡನೇ ಹಂತವೇ ಇಲ್ಲ. ಕ್ಲಿಪ್ ಹೋದರೆ ಎಲ್ಲವೂ ಹೋದ ಹಾಗೆ.

ನಿಜವಾಗಿ ಬೇಕಾಗುವ ಸಂದರ್ಭಗಳು ಬೇರೆ. ಬಾನೆಟ್ ಫೈಬರ್ ಗ್ಲಾಸ್ ಅಥವಾ ಕಾರ್ಬನ್ ಫೈಬರಿನದ್ದಾದರೆ ಬೇಕು, ಏಕೆಂದರೆ ಅಂಥವುಗಳಲ್ಲಿ ಲ್ಯಾಚಿಗೆ ಸಿಕ್ಕುವ ಕೊಂಡಿ ಒಳಪದರಕ್ಕೆ ಬರೀ ರಾಳದಲ್ಲಿ ಅಂಟಿರುತ್ತದೆ. ತೂಕ ಇಳಿಸಲು ಬಾನೆಟ್ಟಿನ ಒಳ ಚೌಕಟ್ಟನ್ನು ಕತ್ತರಿಸಿದ್ದರೆ ಬೇಕು. ಇಂಟರ್‌ಕೂಲರಿಗೋ ದೊಡ್ಡ ರೇಡಿಯೇಟರಿಗೋ ಜಾಗ ಮಾಡಲು ಲ್ಯಾಚ್ ತೆಗೆದಿದ್ದರೂ ಬೇಕು. ಸ್ಪರ್ಧೆಗೆ ಇಳಿಯುವ ಕಾರಿಗೆ ಕೇಳುವುದೇ ಬೇಡ. ಅಪಘಾತದಲ್ಲಿ ಮುಂಭಾಗ ಸೊಟ್ಟಗಾಗಿ ಲ್ಯಾಚ್ ಕೂರುತ್ತಿಲ್ಲ ಎಂದು ಪಿನ್ ಹಾಕಿಸುವವರೂ ಇದ್ದಾರೆ. ಅವರು ಹೋಗಬೇಕಾದದ್ದು ಟಿಂಕರಿಂಗ್ ಶೆಡ್ಡಿಗೆ. ಸೊಟ್ಟಗಿನ ಪಟ್ಟಿಯ ಮೇಲೆ ನಿಲ್ಲಿಸಿದ ಗೂಟವೂ ಸೊಟ್ಟಗೇ ನಿಲ್ಲುತ್ತದೆ.

ಗಾಳಿಯ ಲೆಕ್ಕವನ್ನೂ ನೋಡೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 17 ಕೆ.ಜಿ. ಭಾರದಷ್ಟು. 100ಕ್ಕೆ ಹೋದರೆ 47, 160ಕ್ಕೆ ಹೋದರೆ 120. ಬಾನೆಟ್ ಇಡಿಯಾಗಿ ಇಷ್ಟು ಒತ್ತಡವನ್ನು ಕೆಳಗಿನಿಂದ ತಿನ್ನುವುದಿಲ್ಲ ನಿಜ. ಆದರೆ ಮುಂದಿನ ಅಂಚು ಒಂದು ಬೆರಳಷ್ಟು ಎದ್ದಿತೆಂದರೆ ಗಾಳಿ ಒಳನುಗ್ಗಿ ಲೆಕ್ಕ ಈ ಅಂಕಿಗಳತ್ತಲೇ ಓಡುತ್ತದೆ, ಮರುಕ್ಷಣ ಬಾನೆಟ್ ಮುಂದಿನ ಗಾಜಿನ ಮೇಲಿರುತ್ತದೆ. ಹಗುರ ಬಾನೆಟ್ಟಿನ ಮೂಲೆಗಳು ವೇಗದಲ್ಲಿ ಪಟಪಟ ಬಡಿಯುವುದು ಇದರ ಮುನ್ಸೂಚನೆ.

ಸ್ಪರ್ಧೆಯ ಕಾರಿಗೆ ಪಿನ್ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಬೆಂಕಿ ಬಿದ್ದರೆ ಮಾರ್ಷಲ್ (ಸ್ಪರ್ಧೆಯ ಸುರಕ್ಷತೆ ನೋಡುವವರು) ಹೊರಗಿನಿಂದಲೇ, ಕಾರಿನೊಳಗೆ ಕೈ ಹಾಕದೆ ಬಾನೆಟ್ ತೆರೆಯಬೇಕು. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್‌ಐಎ ನಿಯಮಾವಳಿಯ ಅಪೆಂಡಿಕ್ಸ್ ಜೆ, ವಿಧಿ 253 ಬಾನೆಟ್ಟಿಗೂ ಡಿಕ್ಕಿಗೂ ತಲಾ ಕನಿಷ್ಠ ಎರಡು ಹೆಚ್ಚುವರಿ ಹಿಡಿಕೆಗಳ ಮಾತಾಡುತ್ತದೆ. ಮೂಲ ಲ್ಯಾಚನ್ನು ತೆಗೆಯಬೇಕು ಅಥವಾ ನಿಷ್ಕ್ರಿಯ ಮಾಡಬೇಕು ಎನ್ನುತ್ತದೆ. ಯಾವ ಗುಂಪಿನ ಕಾರಿಗೆ ಕಡ್ಡಾಯ, ಯಾವುದಕ್ಕೆ ಐಚ್ಛಿಕ ಎಂಬುದು ಬೇರೆಬೇರೆ. ಕೆ-1000 ರ‍್ಯಾಲಿ ಇರಲಿ, ಊರಿನ ಆಟೋಕ್ರಾಸ್ ಇರಲಿ, ಆ ಸ್ಪರ್ಧೆಯ ಪೂರಕ ನಿಯಮಗಳನ್ನು ಓದಿಕೊಂಡು ಕೊರೆಯಲು ಕೂರಿ.

ರಸ್ತೆಯ ಕಾರಿಗೆ ಇದನ್ನು ತಿರುಗಿಸಿ ಓದಬೇಕು: ಪಿನ್ ಹಾಕಿದರೂ ಮೂಲ ಲ್ಯಾಚನ್ನೂ ಅದರ ಕೊಕ್ಕೆಯನ್ನೂ ಉಳಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಟಿನ ವಿಷಯದಲ್ಲಿ ಬಿಗಿಯಾಗಿದೆ. ಬಾನೆಟ್ ಮೇಲೆ ಮೇಲೆದ್ದು ನಿಂತ ಲೋಹ ಪಾದಚಾರಿಯ ತಲೆಗೆ ಏನು ಮಾಡುತ್ತದೆ ಎಂಬುದಕ್ಕಂತೂ ಕಾಯ್ದೆಯ ಪುಸ್ತಕ ಬೇಕಿಲ್ಲ. ಡಿಕ್ಕಿಯಾದಾಗ ಪಾದಚಾರಿಯ ರಕ್ಷಣೆಗೆಂದು ಬಾನೆಟ್ಟಿನ ಹಿಂಬದಿ ತಾನಾಗಿ ಮೇಲೇಳುವ ದುಬಾರಿ ಕಾರುಗಳಿವೆ. ಅವುಗಳಿಗೆ ಯಾವ ಬಗೆಯ ಪಿನ್ನೂ ಬೇಡ.

ಕ್ಲಿಪ್ ಪಿನ್

ಎಲ್ಲಕ್ಕಿಂತ ಹಳೆಯದು, ಅಗ್ಗದ್ದು. ನಮ್ಮ ಅಭಿಪ್ರಾಯದಲ್ಲಿ ಮಣ್ಣಿನ ರ‍್ಯಾಲಿಗೆ ಈಗಲೂ ಇದೇ ಒಳ್ಳೆಯದು. ಒಂದು ಜೊತೆಯಲ್ಲಿ ಬರುವುದು ಇಷ್ಟು: ಉದ್ದಕ್ಕೂ ಮರೆ (ನಟ್ಟು ತಿರುಗುವ ಸುರುಳಿ ಗೀರು) ಕೊರೆದ ಎರಡು ಗೂಟ, ಪ್ರತಿ ಗೂಟಕ್ಕೆ ಎರಡು ಮೂರು ನಟ್ಟು, ವಾಷರ್, ಬಾನೆಟ್ ಮೇಲೆ ಕೂರುವ ಎರಡು ತಟ್ಟೆ, ಎರಡು ಕ್ಲಿಪ್, ಕ್ಲಿಪ್ ಕಳೆಯದಂತೆ ಎರಡು ತಂತಿ. ಅಮೆರಿಕದ ಮಾಲಿನಲ್ಲಿ ಗೂಟ ಅರ್ಧ ಇಂಚು ಅಥವಾ ಇಂಚಿನ ಎಂಟನೇ ಮೂರು ಭಾಗ, ಅಂದರೆ 12.7 ಮಿ.ಮೀ. ಇಲ್ಲವೇ 9.5 ಮಿ.ಮೀ. ದಪ್ಪ. ಇಲ್ಲಿ ಸಿಗುವುದರಲ್ಲಿ ಎಂ10, ಎಂ12 (10, 12 ಮಿ.ಮೀ.) ಕೂಡ ಇವೆ. ಮರೆ ಇಂಚಿನದ್ದೋ ಮಿಲಿಮೀಟರಿನದ್ದೋ ಎಂದು ಕೊಳ್ಳುವಾಗಲೇ ಕೇಳಿ. ಹೆಚ್ಚುವರಿ ನಟ್ಟು ಬೇಕಾದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತುವುದು ತಪ್ಪುತ್ತದೆ.

ಕ್ಲಿಪ್ಪಿನಲ್ಲೇ ಎರಡು ಜಾತಿ. ಬಾಗಿಸಿದ ತಂತಿಯ ‘ಆರ್’ ಕ್ಲಿಪ್ ಒಂದು, ಟ್ರ್ಯಾಕ್ಟರಿನ ಹಿಂದೆ ಕಾಣುವಂಥ, ಸ್ಪ್ರಿಂಗ್ ಬಳೆ ಇರುವ ಲಿಂಚ್ ಪಿನ್ ಇನ್ನೊಂದು. ‘ಆರ್’ ಕ್ಲಿಪ್ ಹತ್ತಾರು ಸಲ ತೆಗೆದು ಹಾಕಿದ ಮೇಲೆ ಬಾಯಿ ಬಿಡುತ್ತದೆ. ಕೈಯಲ್ಲಿ ಎಳೆದಾಗ ಸುಲಭವಾಗಿ ಬಂದರೆ ಆವತ್ತೇ ಬಿಸಾಡಿ. ಲಿಂಚ್ ಪಿನ್ ಬಳೆ ಮಡಚಿ ಕೂರುವುದರಿಂದ ಕುಲುಕಾಟದಲ್ಲಿ ಹೊರಬರುವುದು ಕಡಿಮೆ, ಗ್ಲೌಸ್ ಹಾಕಿದ ಕೈಗೂ ಸಿಗುತ್ತದೆ. ಎರಡರಲ್ಲಿ ಒಂದು ಎಂದರೆ ಲಿಂಚ್ ಪಿನ್ನೇ.

ಇದರ ದೋಷಗಳೂ ಎದುರಿಗೇ ಇವೆ. ಹಾದಿಹೋಕರು ಯಾರು ಬೇಕಾದರೂ ತೆರೆಯಬಹುದು. ರಾತ್ರಿ ಬೀದಿಯಲ್ಲಿ ನಿಲ್ಲುವ ಕಾರಾದರೆ ಬ್ಯಾಟರಿ ನಿಮ್ಮದಲ್ಲ ಎಂದುಕೊಳ್ಳಿ. ಜೋತುಬಿದ್ದ ತಂತಿ ಬಾನೆಟ್ಟಿನ ಬಣ್ಣವನ್ನು ಅರ್ಧಚಂದ್ರಾಕಾರದಲ್ಲಿ ಕೆರೆಯುತ್ತದೆ. ತಂತಿಗೆ ಬಿಸಿ ಮಾಡಿದರೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ, ಕ್ಲಿಪ್ ತಲುಪುವಷ್ಟೇ ಉದ್ದ ಉಳಿಸಿದರೆ ಅಷ್ಟು ಕಾಟವಿಲ್ಲ. ಬಣ್ಣಬಣ್ಣದ ಅಲ್ಯೂಮಿನಿಯಂ ಗೂಟಗಳು ಚೆಂದ, ಆದರೆ ಬಾನೆಟ್ ಒಮ್ಮೆ ತಪ್ಪಿ ಅದರ ಮೇಲೆ ಬಿದ್ದರೆ ಬಾಗುತ್ತವೆ, ಮರೆಯೂ ಬೇಗ ಸವೆಯುತ್ತದೆ. ಗೂಟ ಉಕ್ಕಿನದ್ದಿರಲಿ, ತಟ್ಟೆ ಬೇಕಿದ್ದರೆ ಬಣ್ಣದ್ದಿರಲಿ.

ಮಟ್ಟಸವಾಗಿ ಕೂರುವ ಲ್ಯಾಚ್

ಬ್ರಿಟನ್ನಿನ ಏರೋಕ್ಯಾಚ್ ಈ ಜಾತಿಗೆ ಹೆಸರಾದದ್ದು. ಬಾನೆಟ್ಟಿನಲ್ಲಿ ಉದ್ದನೆಯ ಕಿಂಡಿ ಕೊರೆದು ಡಬ್ಬಿಯನ್ನು ಕೂರಿಸುತ್ತಾರೆ. ಗುಂಡಿ ಒತ್ತಿದರೆ ಲಿವರ್ ಮೇಲೇಳುತ್ತದೆ, ಒಳಗಿನ ಅಡ್ಡಕಡ್ಡಿ ಗೂಟದ ತೂತಿನಿಂದ ಸರಿಯುತ್ತದೆ. ಬೀಗ ಇರುವುದೂ ಉಂಟು, ಇಲ್ಲದ್ದೂ ಉಂಟು. ಬಿಡಿ ಕ್ಲಿಪ್ ಇಲ್ಲದ ಕಾರಣ ಕಳೆಯುವಂಥದ್ದು ಏನೂ ಇಲ್ಲ. ಲಿವರ್ ಪೂರ್ತಿ ಕೂರದಿದ್ದರೆ ಚಾಲಕನ ಸೀಟಿನಿಂದಲೇ ಕಾಣುತ್ತದೆ ಎಂಬುದು ಇದರ ದೊಡ್ಡ ಗುಣ. ರಸ್ತೆಯಲ್ಲೂ ಓಡುವ, ಟ್ರ್ಯಾಕಿಗೂ ಹೋಗುವ ಕಾರ್ಬನ್ ಬಾನೆಟ್ಟಿನ ಕಾರಿಗೆ ನಮ್ಮ ಮೊದಲ ಆಯ್ಕೆ ಇದೇ, ಬೀಗ ಸಹಿತ. ಆದರೆ ಸ್ಪರ್ಧೆಯ ದಿನ ಬೀಗ ಹಾಕಿಡಬಾರದು. ಮಾರ್ಷಲ್ ಕೈಯಲ್ಲಿ ನಿಮ್ಮ ಕೀಲಿ ಇರುವುದಿಲ್ಲ.

ಕಷ್ಟ ಇರುವುದು ಕೊರೆಯುವುದರಲ್ಲಿ. ಕ್ಲಿಪ್ ಪಿನ್ನಿನ ತೂತು 2 ಮಿ.ಮೀ. ತಪ್ಪಿದರೆ ಅರದಲ್ಲಿ ಉಜ್ಜಿ ತಟ್ಟೆಯಡಿ ಮುಚ್ಚಿಬಿಡಬಹುದು. ಇಲ್ಲಿ ಕಿಂಡಿ ತಪ್ಪಿತೆಂದರೆ ಬಾನೆಟ್ಟೇ ಹೋಯಿತು. ಜೊತೆಗೆ ಡಬ್ಬಿ ಕೂರುವ ಜಾಗ ಸಾಕಷ್ಟು ಸಪಾಟಾಗಿರಬೇಕು, ಡಬ್ಬಿಯ ಆಳಕ್ಕೆ ಒಳಗೆ ಜಾಗ ಇರಬೇಕು. ಉಕ್ಕಿನ ಬಾನೆಟ್ಟಿನಲ್ಲಿ ಆ ಜಾಗದಲ್ಲಿ ಒಳ ಚೌಕಟ್ಟು ಹಾದಿರುತ್ತದೆ. ಅದನ್ನು ಕತ್ತರಿಸಿದರೆ ಬಾನೆಟ್ಟಿನ ಬಿಗುವು ಹೋಗುತ್ತದೆ, ಬಿಟ್ಟರೆ ಡಬ್ಬಿ ಕೂರುವುದಿಲ್ಲ. ಹೀಗಾಗಿ ಉಕ್ಕಿನ ಬಾನೆಟ್ಟಿಗೆ ಇದನ್ನು ಹೇಳಲು ನಾವು ಹಿಂದೆಮುಂದೆ ನೋಡುತ್ತೇವೆ. ಕಣ್ಣಿಗೆ ಒಂದೇ ಥರ ಕಾಣುವ ಅಗ್ಗದ ನಕಲುಗಳೂ ಇವೆ. ಅಂಗಡಿಯಲ್ಲೇ ಲಿವರನ್ನು ಇಪ್ಪತ್ತು ಸಲ ತೆರೆದು ಮುಚ್ಚಿ. ಅಡ್ಡಕಡ್ಡಿ ಒಂದು ಸಲವಾದರೂ ಅರ್ಧಕ್ಕೆ ನಿಂತರೆ ಪೆಟ್ಟಿಗೆಗೆ ವಾಪಸ್ ಹಾಕಿ ಕೊಟ್ಟುಬಿಡಿ.

ಒತ್ತುಗುಂಡಿ, ರಬ್ಬರು, ಕಾಲು ಸುತ್ತು

ಕ್ವಿಕ್ ಲ್ಯಾಚ್ ಮಾದರಿಯ ಒತ್ತುಗುಂಡಿ ಪಿನ್ನುಗಳಲ್ಲಿ ಗೂಟದ ತಲೆಯನ್ನು ಸಣ್ಣ ಗುಂಡುಗಳು ಸುತ್ತಲಿಂದ ಹಿಡಿಯುತ್ತವೆ. ಗುಂಡಿ ಒತ್ತಿದರೆ ಬಿಡುತ್ತವೆ. ಕಿಂಡಿ ಬೇಡ, ದುಂಡು ತೂತು ಸಾಕು, ನೋಡಲೂ ಚೊಕ್ಕ. ಟಾರು ರಸ್ತೆಗೆ, ಶೋ ಕಾರಿಗೆ, ಮುಂದಿನ ಬಂಪರ್ ಬಿಗಿಯಲು ಒಳ್ಳೆಯದು. ಚಿಕ್ಕಮಗಳೂರಿನ ಕಾಫಿ ತೋಟದ ಕೆಂಪು ಮಣ್ಣಿಗೆ ಮಾತ್ರ ಒಗ್ಗುವುದಿಲ್ಲ. ನುಣ್ಣನೆಯ ಧೂಳು ಎಣ್ಣೆಯ ಜಿಡ್ಡಿನ ಜೊತೆ ಸೇರಿ ಗುಂಡುಗಳ ಸುತ್ತ ಹಿಟ್ಟಾಗುತ್ತದೆ, ಗುಂಡಿ ಒತ್ತಿದರೂ ಬಿಡುವುದಿಲ್ಲ. ಇದಕ್ಕೆ ಗ್ರೀಸ್ ಹಾಕಬೇಡಿ, ಒಣಗುವ ಬಗೆಯ ಲೂಬ್ರಿಕೆಂಟ್ ಸಿಂಪಡಿಸಿ.

ಜೀಪ್ ಬಗೆಯ ಗಾಡಿಗಳ ಎರಡೂ ಪಕ್ಕೆಗೆ ಹಾಕುವ ರಬ್ಬರ್ ಎಳೆಹಿಡಿಕೆ ಬೇರೆಯದೇ ಸಂಗತಿ. ಬಾನೆಟ್ಟಿನ ಅಂಚು ಪಕ್ಕಕ್ಕೆ ಇಳಿದು ಬರುವ ಗಾಡಿಗೆ ಮಾತ್ರ ಅದು ಹೊಂದುತ್ತದೆ. ಬಿಸಿಲಿಗೆ ರಬ್ಬರು ಒಣಗಿ, ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಎಳೆದು ಹಿಡಿದು ನೋಡಿದರೆ ಮಾತ್ರ ಆ ಬಿರುಕು ಕಾಣುತ್ತದೆ.

ಡ್ಝೂಸ್ ಎಂದು ಕರೆಯುವ ಕಾಲು ಸುತ್ತಿನ ಸ್ಕ್ರೂಗಳು ಕೀಲೇ ಇಲ್ಲದೆ ಇಡಿಯಾಗಿ ಎತ್ತಿಡುವ ಫಲಕಕ್ಕೆ. ರೇಸಿಗೆ ಮಾತ್ರವಾದ ಕಾರು ಬಿಟ್ಟು ಬೇರೆಡೆ ಅವುಗಳ ತಂಟೆ ಬೇಡ.

ಎರಡೋ, ನಾಲ್ಕೋ?

ಹಿಂದಿನ ಕೀಲು ಉಳಿದಿದ್ದರೆ ಮುಂದೆ ಎರಡು ಸಾಕು. ಕೀಲು ತೆಗೆದರೆ ನಾಲ್ಕು. 1969ರ ನಡುವಿನಲ್ಲಿ ಬಂದ ಡಾಡ್ಜ್ ಸೂಪರ್ ಬೀ, ಪ್ಲಿಮತ್ ರೋಡ್ ರನ್ನರ್ ಕಾರುಗಳ 440 ಎಂಜಿನ್ನಿನ ಆವೃತ್ತಿಗೆ ಕಂಪನಿಯೇ ಕೀಲಿಲ್ಲದ ಫೈಬರ್ ಗ್ಲಾಸ್ ಬಾನೆಟ್ ಕೊಟ್ಟಿತ್ತು, ನಾಲ್ಕು ಮೂಲೆಗೆ ನಾಲ್ಕು ಪಿನ್. ಎಣ್ಣೆ ನೋಡಬೇಕೆಂದರೂ ಬಾನೆಟ್ಟನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಬೇಕು, ಅದಕ್ಕೆ ಇನ್ನೊಂದು ಜೊತೆ ಕೈ ಬೇಕು. ದಿನವೂ ಓಡಿಸುವ ಕಾರಿಗೆ ಈ ಸುಖ ಬೇಡ.

ಎರಡು ಪಿನ್ ಹಾಕುವಾಗ ಮೂಲೆಗೂ ತಳ್ಳಬೇಡಿ, ನಡುವಿಗೂ ತರಬೇಡಿ. ಅಂಚಿನಿಂದ ಒಟ್ಟು ಅಗಲದ ಐದನೇ ಒಂದು ಭಾಗ ಒಳಗೆ ಬಂದರೆ ಮೂಲೆಯೂ ನಡುವೂ ಹೆಚ್ಚುಕಡಿಮೆ ಸಮನಾಗಿ ಬಿಗಿಯಾಗಿರುತ್ತವೆ. ಮುಂದಿನ ಅಂಚು 1,400 ಮಿ.ಮೀ. ಇದ್ದರೆ ಎರಡೂ ಕಡೆಯಿಂದ 280. ಅಲ್ಲಿ ಹೆಡ್‌ಲೈಟಿನ ಬೆನ್ನು, ರೇಡಿಯೇಟರಿನ ಮುಚ್ಚಳ, ಹೋಸು ಅಡ್ಡ ಬಂದರೆ ನಾಲ್ಕೈದು ಸೆಂಟಿಮೀಟರ್ ಸರಿಸಿ. ಎರಡೂ ಕಡೆ ಒಂದೇ ಅಳತೆ ಸರಿಸಿ.

ಗೂಟ ನಿಲ್ಲುವ ನೆಲ

ರೇಡಿಯೇಟರ್ ಮೇಲಿನ ಪಟ್ಟಿಯನ್ನು ಬೆರಳಲ್ಲಿ ಬಡಿದು ನೋಡಿ. ಮೂರು ಬಗೆಗಳಲ್ಲಿ ಒಂದು ಸಿಗುತ್ತದೆ.

ಒಂಟಿ ತಗಡಾದರೆ ಮೇಲೊಂದು ಕೆಳಗೊಂದು ಅಗಲವಾದ ವಾಷರ್ ಸಾಲದು. ಕೆಳಗೆ 3 ಮಿ.ಮೀ. ದಪ್ಪದ, 40ಕ್ಕೆ 40 ಮಿ.ಮೀ. ಉಕ್ಕಿನ ಚಚ್ಚೌಕ ತುಂಡು ಕೊಡಿ. ಮೂಲೆಗಳನ್ನು ಅರದಲ್ಲಿ ಉರುಟು ಮಾಡಿ, ಇಲ್ಲದಿದ್ದರೆ ಚೂಪು ಮೂಲೆಯಿಂದಲೇ ತಗಡು ಸೀಳುತ್ತದೆ.

ಎರಡು ಪದರದ ಪೆಟ್ಟಿಗೆಯಂಥ ಪಟ್ಟಿಯಾದರೆ ನಟ್ಟು ಬಿಗಿದಂತೆಲ್ಲ ಪೆಟ್ಟಿಗೆ ಕುಗ್ಗುತ್ತದೆ. ಇವತ್ತು ಬಿಗಿ, ನಾಳೆ ಸಡಿಲ. ಒಳಗೆ ಪದರಗಳ ಅಂತರದಷ್ಟೇ ಉದ್ದದ ಉಕ್ಕಿನ ಕೊಳವೆ ತೂರಿಸಿ ಅದರೊಳಗೆ ಗೂಟ ಇಳಿಸಬೇಕು. ಲೇತ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಕೊಳವೆ ಇಳಿಯಲು ಒಂದು ಪದರದ ತೂತನ್ನು ಕೊಳವೆಯ ಹೊರ ಅಳತೆಗೆ ಕೊರೆಯಿರಿ, ಇನ್ನೊಂದು ಪದರದ್ದು ಗೂಟದ ಅಳತೆಗೇ ಇರಲಿ.

ಮೂರನೆಯದು ಪ್ಲಾಸ್ಟಿಕ್. ಈಚಿನ ಬಹಳಷ್ಟು ಕಾರುಗಳಲ್ಲಿ ಇದೇ. ಪ್ಲಾಸ್ಟಿಕ್ಕಿಗೆ ಗೂಟ ನೆಡಬೇಡಿ. 3 ಮಿ.ಮೀ. ಉಕ್ಕಿನ ‘ಎಲ್’ ಬ್ರಾಕೆಟ್ ಮಾಡಿಸಿ ಪಕ್ಕದ ಲೋಹದ ಭಾಗಕ್ಕೆ ಎರಡು ಎಂ8 ಬೋಲ್ಟಿನಲ್ಲಿ ಕಟ್ಟಿ. ಬ್ರಾಕೆಟ್ಟಿನ ತೋಳು ಉದ್ದವಾದಷ್ಟೂ ಸ್ಪ್ರಿಂಗಿನಂತೆ ಆಡುತ್ತದೆ. ಒಂದು ಗೇಣು ಉದ್ದವಾದರೆ ಮೂಲೆಗೆ ತ್ರಿಕೋನದ ಆಸರೆ ಬೆಸೆಸಿ.

ಕೂರಿಸುವ ಕ್ರಮ

ಮೊದಲು ಬಾನೆಟ್ಟಿನ ಕೀಲು, ಮುಚ್ಚಿದಾಗ ಅದು ಕೂರುವ ರಬ್ಬರ್ ಗುಬುಟುಗಳನ್ನು ಸರಿಪಡಿಸಿ ಎರಡೂ ಕಡೆಯ ಸಂದು ಸಮ ಮಾಡಿ. ಪಿನ್ ಹಾಕಿದ ಮೇಲೆ ಇದನ್ನು ಮಾಡಲಾಗದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಜಿನ್ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ.

ಪಟ್ಟಿಯ ಮೇಲೆ ಗುರುತು ಹಾಕಿ, ಸೆಂಟರ್ ಪಂಚಿನಿಂದ ಗುಳಿ ಮಾಡಿ, 3 ಮಿ.ಮೀ. ಬಿಟ್ಟಿನಿಂದ ಆರಂಭಿಸಿ ಕೊರೆಯಿರಿ. ಅರ್ಧ ಇಂಚಿನ ಗೂಟಕ್ಕೆ 13 ಮಿ.ಮೀ., 9.5ರದ್ದಕ್ಕೆ 10. ಕೊರೆದ ಅಂಚಿಗೆ ಕೂಡಲೇ ಪ್ರೈಮರ್ ಹಚ್ಚಿ. ಗೂಟವನ್ನು ನಿಲ್ಲಿಸಿ ನಟ್ಟುಗಳನ್ನು ಕೈಯಲ್ಲಿ ಮಾತ್ರ ತಿರುಗಿಸಿ, ತಲೆ ಬಾನೆಟ್ಟಿನ ಒಳಮೈಗೆ ತಾಗೀತೋ ಇಲ್ಲವೋ ಎಂಬಷ್ಟು ಎತ್ತರಕ್ಕೆ ಇಡಿ.

ಈಗ ಗುರುತು ಮೇಲಕ್ಕೆ ದಾಟಿಸಬೇಕು. ಗೂಟದ ತಲೆಗೆ ಒದ್ದೆ ಕುಂಕುಮವನ್ನೋ ಬಿಳಿ ಗ್ರೀಸನ್ನೋ ಒಂದು ಚುಕ್ಕೆ ಇಡಿ. ಬಾನೆಟ್ಟನ್ನು ನಿಧಾನವಾಗಿ, ಎರಡೂ ಕೈಯಲ್ಲಿ, ನೇರವಾಗಿ ಇಳಿಸಿ, ಒತ್ತಿ, ಎತ್ತಿ. ಒಳಮೈಯಲ್ಲಿ ಬೊಟ್ಟು ಬಿದ್ದಿರುತ್ತದೆ. ಒರೆಸಿ ಇನ್ನೊಮ್ಮೆ ಮಾಡಿ. ಎರಡು ಸಲವೂ ಬೊಟ್ಟು ಒಂದೇ ಜಾಗಕ್ಕೆ ಬಿದ್ದರೆ ಮಾತ್ರ ಕೊರೆಯಿರಿ. ಬೇರೆಬೇರೆ ಕಡೆ ಬಿದ್ದರೆ ಕೀಲಿನಲ್ಲಿ ಆಟವಿದೆ ಎಂದರ್ಥ, ಅದನ್ನು ಮೊದಲು ನೋಡಿ.

ಬೊಟ್ಟಿನ ಜಾಗದಲ್ಲಿ ಕೆಳಗಿನಿಂದ 3 ಮಿ.ಮೀ. ತೂತು, ಹೊರಮೈವರೆಗೆ. ಡ್ರಿಲ್ ಓರೆಯಾದರೆ ಒಳಪದರಕ್ಕೂ ಹೊರಪದರಕ್ಕೂ ತೂತು ಹೊಂದುವುದಿಲ್ಲ, ಹಾಗಾಗಿ ಪಕ್ಕದಲ್ಲಿ ಒಬ್ಬರು ನಿಂತು ಕೋನ ನೋಡಲಿ. ಬಾನೆಟ್ ಮುಚ್ಚಿ, ಹೊರಗಿನಿಂದ ಆ ಸಣ್ಣ ತೂತಿಗೆ ಕಡ್ಡಿ ಇಳಿಸಿ. ಗೂಟದ ನಡುತಲೆಗೇ ತಾಗಬೇಕು. ತಾಗದಿದ್ದರೆ ಎಷ್ಟು ತಪ್ಪಿದೆ ಎಂದು ಈ ಹಂತದಲ್ಲೇ ತಿದ್ದಿಕೊಳ್ಳಬಹುದು. ಆಮೇಲೆ ಹೊರಮೈಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ಮೆಟ್ಟಿಲು ಬಿಟ್ಟಿನಿಂದ (ಸ್ಟೆಪ್ ಡ್ರಿಲ್) ಹಂತಹಂತವಾಗಿ ಹಿಗ್ಗಿಸಿ. ಅರ್ಧ ಇಂಚಿನ ಗೂಟಕ್ಕೆ 15 ಮಿ.ಮೀ. ಸಾಕು. ಮಾಮೂಲಿ ದಪ್ಪ ಬಿಟ್ಟು ತೆಳು ತಗಡನ್ನು ಕಚ್ಚಿಕೊಂಡು ಮೂರು ಮೂಲೆಯ ತೂತು ಮಾಡುತ್ತದೆ.

ತೂತು ದುಂಡಗಿದ್ದರೂ ಬಾನೆಟ್ ಎತ್ತುವಾಗ ಗೂಟಕ್ಕೆ ಉಜ್ಜುತ್ತದೆಯೇ? ಅದು ಕೊರೆದವರ ತಪ್ಪಲ್ಲ, ಕೀಲಿನ ರೇಖಾಗಣಿತ. ಬಾನೆಟ್ ನೇರ ಮೇಲೇಳುವುದಿಲ್ಲ, ಕೀಲಿನ ಸುತ್ತ ಕಮಾನಿನಲ್ಲಿ ಏಳುತ್ತದೆ. ಕೀಲಿನಿಂದ ಪಿನ್ನಿಗೆ 1,000 ಮಿ.ಮೀ. ದೂರವಿದ್ದು, ಕೀಲು ಪಿನ್ನಿಗಿಂತ 100 ಮಿ.ಮೀ. ಎತ್ತರದಲ್ಲಿದ್ದರೆ, ಮೊದಲ 50 ಮಿ.ಮೀ. ಏಳುವಷ್ಟರಲ್ಲಿ ತೂತು ಬಂಪರ್ ಕಡೆಗೆ ಸುಮಾರು 4 ಮಿ.ಮೀ. ಸರಿದಿರುತ್ತದೆ. ಪರಿಹಾರ ಎರಡು. ಗೂಟವನ್ನು ಬಂಪರ್ ಕಡೆಗೆ ಆರು ಡಿಗ್ರಿಯಷ್ಟು ಓರೆ ಮಾಡಿ ನಿಲ್ಲಿಸುವುದು, ಅದಕ್ಕೆ ಓರೆ ವಾಷರ್ ಬೇಕು. ಇಲ್ಲವೇ ತೂತನ್ನು ಗಾಜಿನ ಕಡೆಗೆ ದುಂಡರದಲ್ಲಿ 3 ಮಿ.ಮೀ. ಉಜ್ಜಿ ಮೊಟ್ಟೆಯಾಕಾರ ಮಾಡುವುದು. ಎರಡನೆಯದೇ ಸುಲಭ, ತಟ್ಟೆಯಡಿ ಮುಚ್ಚಿಹೋಗುತ್ತದೆ. ತಟ್ಟೆಯ ತೂತನ್ನೂ ಅಷ್ಟೇ ಉಜ್ಜಲು ಮರೆಯಬೇಡಿ.

ತಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸಿದರೆ ಪ್ರತಿ ಸ್ಕ್ರೂ ಒಂದು ತುಕ್ಕಿನ ಬೀಜ. ಸ್ಪಿರಿಟ್ಟಿನಲ್ಲಿ ಒರೆಸಿ ಒಳ್ಳೆಯ ಎರಡು ಮುಖದ ಫೋಮ್ ಟೇಪಿನಿಂದ ಅಂಟಿಸಿದರೆ ಸಾಕು. ತಟ್ಟೆಗೆ ಬೀಳುವುದು ಕ್ಲಿಪ್ ಉಜ್ಜುವ ಹೊರೆ, ಎಳೆತದ್ದಲ್ಲ.

ಕೊನೆಗೆ ಎತ್ತರ. ಬಾನೆಟ್ ಪೂರ್ತಿ ಮುಚ್ಚಿ ರಬ್ಬರ್ ಗುಬುಟುಗಳ ಮೇಲೆ ಕೂತಿರುವಾಗ ಗೂಟದ ಅಡ್ಡ ತೂತಿನ ಕೆಳ ಅಂಚು ತಟ್ಟೆಗಿಂತ ಒಂದು ಮಿಲಿಮೀಟರ್ ಮೇಲಿರಬೇಕು. ಅದಕ್ಕಿಂತ ಹೆಚ್ಚಾದರೆ ಬಾನೆಟ್ ಕುಣಿಯುತ್ತದೆ, ಕುಣಿದಷ್ಟೂ ಕ್ಲಿಪ್ ತಟ್ಟೆಯನ್ನು ತಿನ್ನುತ್ತದೆ. ಕಡಿಮೆಯಾದರೆ ಬಾನೆಟ್ಟನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕ್ಲಿಪ್ ಹಾಕಬೇಕಾಗುತ್ತದೆ. ಇಷ್ಟಾದ ಮೇಲೆ ಮರೆಗೆ ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ಹನಿ ಹಾಕಿ, ಎರಡು ಪಾನಾ ಹಿಡಿದು ಮೇಲಿನ ಕೆಳಗಿನ ನಟ್ಟುಗಳನ್ನು ಬಿಗಿಯಿರಿ. ಗೂಟವೂ ನಟ್ಟೂ ಎರಡೂ ಸ್ಟೇನ್‌ಲೆಸ್ ಆದರೆ ಒಣಗಿದ್ದಾಗ ರಭಸದಿಂದ ತಿರುಗಿಸಬೇಡಿ, ಮರೆಗಳು ಒಂದನ್ನೊಂದು ಕಚ್ಚಿ ನಿಂತುಬಿಡುತ್ತವೆ, ಆಮೇಲೆ ಗರಗಸವೇ ಗತಿ. ಬಿಗಿಯುವಾಗ ಅಡ್ಡ ತೂತು ಯಾವ ಕಡೆ ತಿರುಗಿದೆ ನೋಡಿಕೊಳ್ಳಿ: ಕ್ಲಿಪ್ ಎಡಬಲವಾಗಿ ಹೋಗಬೇಕು, ಬಳೆ ಗಾಜಿನ ಕಡೆಗೆ ಮಲಗಬೇಕು. ಗಾಳಿ ಅದನ್ನು ಇನ್ನಷ್ಟು ಒತ್ತಿಯೇ ಹಿಡಿಯುತ್ತದೆ.

ಮಟ್ಟಸ ಲ್ಯಾಚಿಗೂ ಆರಂಭ ಇದೇ: ಮೊದಲು ಗೂಟ, ಆಮೇಲೆ ಬೊಟ್ಟು, ಆಮೇಲೆ 3 ಮಿ.ಮೀ. ತೂತು. ಆ ತೂತೇ ಕಿಂಡಿಯ ಗೆರೆ ಹಾಕುವ ಕಾಗದದ ಅಚ್ಚಿಗೆ ಕೇಂದ್ರ. ಲಿವರಿನ ಕೀಲು ಬಂಪರ್ ಕಡೆ, ಬೆರಳು ಹಾಕುವ ತುದಿ ಗಾಜಿನ ಕಡೆ ಬರುವಂತೆ ಅಚ್ಚು ಅಂಟಿಸಿ. ಕಿಂಡಿಯ ಮೂಲೆಗಳಿಗೆ 6 ಮಿ.ಮೀ. ತೂತು ಹಾಕಿ, ನಡುವೆ ನುಣುಪು ಹಲ್ಲಿನ ಬ್ಲೇಡಿನ ಜಿಗ್‌ಸಾದಿಂದ ಗೆರೆಯ ಒಳಗೇ ಕತ್ತರಿಸಿ, ಉಳಿದದ್ದನ್ನು ಅರದಲ್ಲಿ ತೆಗೆಯಿರಿ. ಜಿಗ್‌ಸಾದ ಪಾದಕ್ಕೆ ಟೇಪ್ ಸುತ್ತದಿದ್ದರೆ ಬಣ್ಣದ ಮೇಲೆ ಅದರ ಹಾದಿ ಹಾಗೇ ಉಳಿಯುತ್ತದೆ.

ಫೈಬರ್, ಕಾರ್ಬನ್ ಆದರೆ

ಹರಿತವಾದ ಬಿಟ್ಟು, ಕಡಿಮೆ ವೇಗ, ಎರಡೂ ಮೈಗೆ ಟೇಪ್, ಹಿಂದೆ ಮರದ ತುಂಡಿನ ಒತ್ತಾಸರೆ. ಇಲ್ಲದಿದ್ದರೆ ಬಿಟ್ಟು ಹೊರಬರುವ ಕಡೆ ಪದರ ಹೂವಿನಂತೆ ಅರಳುತ್ತದೆ. ಮಾಸ್ಕ್ ಬೇಕೇ ಬೇಕು. ಕಾರ್ಬನ್ ಹುಡಿ ವಿದ್ಯುತ್ ಹರಿಸುತ್ತದೆ, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ ಹತ್ತಿರ ಬೀಳಕೂಡದು. ಸಾಧ್ಯವಾದರೆ ಬಾನೆಟ್ ಬಿಚ್ಚಿ ಹೊರಗಿಟ್ಟು ಕೊರೆಯಿರಿ.

ತೂತಿನ ಒಳಮೈಗೆ 2 ಮಿ.ಮೀ. ಅಲ್ಯೂಮಿನಿಯಂ ತಟ್ಟೆಯನ್ನು ಎಪಾಕ್ಸಿಯಿಂದ ಅಂಟಿಸಿ, ಹೊರೆ ಹರಡಲಿ. ಕಾರ್ಬನ್ನಿಗೆ ಅಲ್ಯೂಮಿನಿಯಂ ನೇರ ತಾಗಿದರೆ ನೀರು ಬಿದ್ದಾಗ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಡುವೆ ತೆಳುವಾದ ಗಾಜಿನ ಬಟ್ಟೆಯ ಪದರ ಕೊಡಿ. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಇದನ್ನು ಬಿಟ್ಟರೆ ತಟ್ಟೆಯ ಅಂಚಿನಲ್ಲಿ ಬಿಳಿ ಹುಡಿ ಏಳುವುದನ್ನು ಬೇಗನೆ ಕಾಣುತ್ತೀರಿ. ಪದರಗಳ ನಡುವೆ ಫೋಮ್ ಇದ್ದರೆ ತೂತಿನ ಸುತ್ತ ಒಂದು ಸೆಂಟಿಮೀಟರ್ ಫೋಮ್ ಕೆರೆದು ತೆಗೆದು ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಹಾಗೇ ಬಿಗಿದರೆ ಫೋಮ್ ಕುಗ್ಗಿ ಮೇಲ್ಮೈಯಲ್ಲಿ ಬಟ್ಟಲಿನಂಥ ತಗ್ಗು ಬೀಳುತ್ತದೆ.

ಆಮೇಲೆ ಬರುವ ತೊಂದರೆಗಳು

ಕೊರೆದ ದಿನವೇ ಲೋಹದ ಹುಡಿಯನ್ನು ಬಿಡದೆ ತೆಗೆಯಿರಿ. ಪ್ಲಾಸ್ಟಿಕ್ ಚೀಲದೊಳಗೆ ಅಯಸ್ಕಾಂತ ಇಟ್ಟು ಮೈಗೆಲ್ಲ ಆಡಿಸಿದರೆ ಹುಡಿ ಚೀಲಕ್ಕೆ ಅಂಟುತ್ತದೆ, ಚೀಲ ತಿರುವಿದರೆ ಒಳಗೇ ಉಳಿಯುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಗೀರುತ್ತದೆ. ಬಿಟ್ಟರೆ ಒಂದು ರಾತ್ರಿಯ ಇಬ್ಬನಿ ಸಾಕು, ಬೆಳಗ್ಗೆ ಬಾನೆಟ್ ಮೇಲೆಲ್ಲ ಕಂದು ಚುಕ್ಕೆ.

ಪಿನ್ ಹಾಕಿದ ಬಾನೆಟ್ಟನ್ನು ಮೇಲಿನಿಂದ ಬಿಡುವ ಅಭ್ಯಾಸ ನಿಲ್ಲಬೇಕು. ಲ್ಯಾಚ್ ಇರುವ ಬಾನೆಟ್ಟನ್ನು ಒಂದಡಿ ಎತ್ತರದಿಂದ ಬಿಡುತ್ತೇವೆ, ಕೈಯೂ ಅದಕ್ಕೇ ಪಳಗಿರುತ್ತದೆ. ಇಲ್ಲಿ ಹಾಗೆ ಬಿಟ್ಟರೆ ತೂತಿನ ಅಂಚು ಗೂಟದ ತಲೆಗೆ ಬಡಿದು ಬಣ್ಣ ಸಿಡಿಯುತ್ತದೆ, ಗೂಟ ಬಾಗುತ್ತದೆ. ಸರ್ವಿಸಿಗೆ ಬಿಡುವಾಗ ಅಲ್ಲಿನ ಹುಡುಗರಿಗೂ ಹೇಳಿ, ಇಲ್ಲವೇ ಸ್ಟೇರಿಂಗಿಗೆ ಒಂದು ಚೀಟಿ ಅಂಟಿಸಿ.

ಓಡುವಾಗ ಮುಂದಿನಿಂದ ಟಕಟಕ ಸದ್ದು ಬಂದರೆ ಕಾಗದದ ಪಟ್ಟಿಯನ್ನು ರಬ್ಬರ್ ಗುಬುಟಿನ ಮೇಲಿಟ್ಟು ಬಾನೆಟ್ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಗುಬುಟನ್ನು ಅರ್ಧ ಸುತ್ತು ಮೇಲೆತ್ತಬೇಕು. ತಪ್ಪು ಗೂಟದ್ದಲ್ಲ. ಕ್ಲಿಪ್ ಒಂದು ಕಡೆ ಸುಲಭ, ಇನ್ನೊಂದು ಕಡೆ ಬಿಗಿ ಎಂದು ಇದ್ದಕ್ಕಿದ್ದಂತೆ ಶುರುವಾದರೆ ಬಿಗಿಯಾದ ಕಡೆಯ ಗೂಟದ ನಟ್ಟುಗಳನ್ನು ನೋಡಿ, ಅವು ಸಡಿಲವಾಗಿ ಗೂಟ ಕೆಳಗಿಳಿದಿರಬಹುದು. ಮೊದಲ 50 ಕಿ.ಮೀ. ಆದ ಮೇಲೊಮ್ಮೆ, 500ಕ್ಕೆ ಇನ್ನೊಮ್ಮೆ ಪಾನಾ ಹಿಡಿದು ನೋಡಿದರೆ ಇದು ರಸ್ತೆಯಲ್ಲಿ ಗೊತ್ತಾಗುವ ಬದಲು ಮನೆಯಲ್ಲೇ ಗೊತ್ತಾಗುತ್ತದೆ. ನಟ್ಟಿಗೂ ಪಟ್ಟಿಗೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಪಾನಾ ಕೂಡ ಬೇಡ. ಗೆರೆ ಮುರಿದಿದೆಯೇ ಎಂದು ಕಣ್ಣಲ್ಲೇ ಕಾಣುತ್ತದೆ.

ಇನ್ನು ಬಿಡಿ ಕ್ಲಿಪ್. ಒಂದು ಜೊತೆಯನ್ನು ಬಾನೆಟ್ ಕೆಳಗೇ, ಬ್ಯಾಟರಿಯ ಪಟ್ಟಿಗೆ ಕಟ್ಟಿಡುವವರೇ ಹೆಚ್ಚು. ಕ್ಲಿಪ್ ಬಿದ್ದುಹೋದದ್ದು ಎಂಜಿನ್ ಓಡುತ್ತಿರುವಾಗ ಎಂದರೆ ಆ ಬಿಡಿ ಜೊತೆಯನ್ನು ತೆಗೆಯಲು ಬಿಸಿ ಫ್ಯಾನಿನ ಪಕ್ಕ ಕೈ ಹಾಕಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ.